ಮಾಯಿಗನ ಕಾರು, ಮಾವನ ನ್ಯಾಯ

ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಪೆದ್ದನ ಕತೆ ತಾನೇ ಬೇಕು? ಹೇಳ್ತೀನಿ. ಪೆದ್ದನ ಹೆಸರು ಮಾಯಿಗ, ನನ್ನಕ್ಕ ಕೆಂಪಾಜಮ್ಮನ ಒಬ್ಬನೇ ಮಗ. ನಾನು ಅವನ ಸೋದರಮಾವ ತಿಮ್ಮೇಶ, ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ರಿಟೈರಾದ ಕಂಡಕ್ಟರು. ನಮ್ಮೂರ ರಸ್ತೇಲಿ ಯಾರಿಗೆ ಯಾರು ಗುದ್ದಿದರೂ, ತಪ್ಪು ಯಾರದು ಅಂತ ತೀರ್ಪು ಕೊಡೋನು ನಾನೇ. ಜೀವಮಾನದಲ್ಲಿ ಒಂದು ಸಲವೂ ಸ್ಟೇರಿಂಗ್ ಹಿಡಿದವನಲ್ಲ. ಆದರೂ ಕೊಡ್ತಿದ್ದೆ. ಈಜು ಬಾರದವನೇ ತಾನೇ ದಡದ ಮೇಲೆ ನಿಂತು ಜೋರಾಗಿ ಕೂಗೋದು!

ಮಾಯಿಗನ ಅಪ್ಪ ಸಾಯುವಾಗ ಬಿಟ್ಟುಹೋಗಿದ್ದು ಬಾಡಿಗೆಗೆ ಓಡೋ ಒಂದು ಹಳೇ ಕಾರು. ಮದುವೆಗೆ ಹೆಣ್ಣನ್ನ ಕರ್ಕೊಂಡು ಹೋಗೋದೂ ಅದೇ, ಹೆರಿಗೆಗೆ ಬಸುರೀನ ಕರ್ಕೊಂಡು ಹೋಗೋದೂ ಅದೇ. ಅದು ಓಡಿದರೆ ತಾಯಿ ಮಗನಿಗೆ ಮುದ್ದೆ, ನಿಂತರೆ ತಣ್ಣೀರು. ಮಾಯಿಗನಿಗೆ ಆ ಕಾರು ಅಂದ್ರೆ ಪ್ರಾಣ. ರಾತ್ರಿ ಅದರ ಬಾನೆಟ್ಟು ಸವರಿ, "ಮಲಕ್ಕೊ" ಅಂತ ಹೇಳಿಯೇ ತಾನು ಮಲಗೋನು.

ಒಂದು ದಿನ ಸಂತೆ ಬೀದೀಲಿ ಬಾಳೆಹಣ್ಣಿನವನೊಬ್ಬ ಹಿಂದೆ ಮುಂದೆ ನೋಡದೆ ತಳ್ಳುಗಾಡಿ ನುಗ್ಗಿಸಿದ. ಕಾರಿನ ಚಕ್ರ ಗಾಡಿಗೆ ತಾಗ್ತು. ಎರಡು ಚಿಪ್ಪು ಹಣ್ಣು ಬಿತ್ತು, ಅಷ್ಟೇ. ಜನ ಹಣ್ಣಿನವನನ್ನೇ ಬೈಯೋಕೆ ಶುರುಮಾಡಿದ್ರು. ಅಷ್ಟರಲ್ಲಿ ನಮ್ಮ ಮಾಯಿಗ ಇಳಿದ. ಹಣ್ಣಿನವನನ್ನ ಮುಟ್ಟಿ ಕಣ್ಣಿಗೊತ್ತಿಕೊಂಡ. ಗಾಡಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಬಿದ್ದ ಹಣ್ಣನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡ.

"ತಪ್ಪಾಯ್ತು! ತಪ್ಪಾಯ್ತು! ತಪ್ಪಾಯ್ತು!"

"ಓಹೋ, ಅವನೇ ಒಪ್ಕೊಂಡನಲ್ಲ!" ಅಂದ್ರು ಜನ. ಹಣ್ಣಿನವನು ಸೊಂಟ ಹಿಡ್ಕೊಂಡು ಅಲ್ಲೇ ಕೂತುಬಿಟ್ಟ. ಅಲ್ಲಿವರೆಗೆ ಅವನಿಗೆ ಸೊಂಟ ಇದೆ ಅನ್ನೋದೇ ನೆನಪಿರಲಿಲ್ಲ. ಮಾಯಿಗ ಗಾಡಿ ಹಣ್ಣನ್ನೆಲ್ಲ ಕೊಂಡ್ಕೊಂಡು ಮನೆಗೆ ಬಂದ.

"ಯಾಕ್ಲಾ ಹಂಗ್ಮಾಡ್ದೆ?" ಅಂತ ಅಕ್ಕ ಹಣೆ ಚಚ್ಚಿಕೊಂಡಳು.

"ಕಾಲು ತಾಗುದ್ರೆ ಮುಟ್ಟಿ ಕಣ್ಗೊತ್ಕೊಂಡು ತಪ್ಪಾಯ್ತು ಅನ್ನು ಅಂತ ನೀನೇ ಯೋಳಿದ್ದಲ್ಲವ್ವಾ! ಚಕ್ರ ಅಂದ್ರೆ ಕಾರಿನ ಕಾಲಲ್ವಾ?"

"ಅಯ್ಯೋ, ನಿನ್ನ ಹೆರೋ ಬದ್ಲು ಬೀಸೋಕಲ್ಲು ಹೆತ್ತಿದ್ರೆ ರಾಗಿನಾದ್ರೂ ಬೀಸ್ಕೊತಿದ್ದೆ! ಲೋ ತಿಮ್ಮೇಶ, ನೀನಾದ್ರೂ ಬುದ್ಧಿ ಯೋಳೋ!"

ಬುದ್ಧಿ ಹೇಳು ಅಂದ್ರೆ ನನಗೆ ಹಬ್ಬ. "ಲೋ ಮಾಯಿಗ, ರಸ್ತೇಲಿ ತಪ್ಪಾಯ್ತು ಅನ್ಬಾರ್ದು ಕಣ್ಲಾ. ಯಾರು ಮೊದ್ಲು ಕೂಗ್ತಾರೋ ಅವ್ರೇ ಗೆದ್ದಂಗೆ. 'ಕಣ್ ಕಾಣಾಕಿಲ್ವಾ? ತಪ್ಪು ನಿಂದೇ!' ಅಂತ ಮೊದ್ಲು ನೀನೇ ಕೂಗು!"

"ಆಗ್ಲಿ ಮಾವ."

ಮಾರನೇ ವಾರ ಹುಣಿಸೇಮರದ ಕೆಳಗೆ ಯಾರೋ ಸಾಹೇಬರ ಜೀಪು ನಿಂತಿತ್ತು. ಸಾಹೇಬರು ಒಳಗೇ ನಿದ್ದೆ ಮಾಡ್ತಿದ್ರು. ಮಾಯಿಗ ದೂರದಿಂದಲೇ ನೋಡಿದ. ಮೊದಲು ಕೂಗಬೇಕಲ್ಲ! ಕಿಟಕಿಯಿಂದ ಕತ್ತು ಹೊರಗೆ ಹಾಕಿದ. "ಕಣ್ ಕಾಣಾಕಿಲ್ವಾ? ತಪ್ಪು ನಿಂದೇ! ತಪ್ಪು ನಿಂದೇ!" ಕೂಗಿದ, ಕೂಗಿದ, ಕೂಗ್ತಾ ಕೂಗ್ತಾ ಹೋಗಿ ಜೀಪಿನ ಹಿಂಭಾಗಕ್ಕೆ ಢಂ ಅನ್ನಿಸಿದ.

"ಗುದ್ದೋಕೆ ಮುಂಚೇನೇ ಕೂಗಿದ್ದಾನೆ! ಬೇಕೂಂತ್ಲೇ ಗುದ್ದಿದ್ದಾನೆ!" ಅಂದ್ರು ಜನ. ಸಾಹೇಬರ ಬಾಯಿಂದ ಬಂದ ಮಾತುಗಳನ್ನ ನಾನು ಇಲ್ಲಿ ಹೇಳೋ ಹಂಗಿಲ್ಲ, ಹೆಂಗಸರು ಮಕ್ಕಳು ಕೂತಿದ್ದಾರೆ.

"ಮೊದ್ಲು ಕೂಗು ಅಂತ ನೀನೇ ಯೋಳಿದ್ದಲ್ಲ ಮಾವ!"

"ಮೊದ್ಲು ಅಂದ್ರೆ ಅಷ್ಟು ಮೊದ್ಲಾ? ಥೂ! ಇನ್ಮೇಲೆ ಬಾಯೇ ಬಿಡ್ಬೇಡ. ಏನಾದ್ರೂ ತಾಗ್ತೋ, ಅಲ್ಲೇ ನಿಲ್ಲು. ಗಾಡಿ ಅಲ್ಲಾಡಿಸ್ಬೇಡ. ಸುತ್ತ ಕಲ್ಲಿಡು, ಸೊಪ್ಪಿನ ಕೊಂಬೆ ಹಾಕು. ಪೊಲೀಸ್ರು ಬರೋಗಂಟ ಯಾರನ್ನೂ ಹತ್ರ ಬಿಡ್ಬೇಡ!"

"ಆಗ್ಲಿ ಮಾವ."

ನಮ್ಮ ಕಡೆ ಹುರುಳಿ ಕೊಯ್ದರೆ ಕಣ ಮಾಡೋ ತಾಪತ್ರಯ ಯಾರಿಗೆ ಬೇಕು? ಗಿಡ ತಂದು ಡಾಂಬರು ರಸ್ತೆ ಮೇಲೆ ಹರಡ್ತೀವಿ. ಬಸ್ಸು ಲಾರಿ ತುಳಿದುಕೊಂಡು ಹೋಗ್ತವೆ, ಬಿಟ್ಟಿ ಒಕ್ಕಣೆ. ಅವತ್ತು ಮುದುಕಿ ದೇವೀರಮ್ಮ ರಸ್ತೆ ತುಂಬ ಹುರುಳಿ ಹರಡಿ ಕೂತಿದ್ದಳು. ಮಾಯಿಗ ಬಂದ. ಹಿಂದಿನ ಸೀಟಲ್ಲಿ ಬಾಸಿಂಗ ಕಟ್ಟಿದ ಮದುವಣಗಿತ್ತಿ, ಮುಹೂರ್ತಕ್ಕೆ ಹೊತ್ತಾಗ್ತಾ ಇದೆ. ಕಾರಿನ ಮೂತಿ ಹುರುಳಿಗೆ ತಾಗ್ತು.

ತಾಗ್ತಲ್ಲ! ನಿಲ್ಲಿಸಿದ. ಇಳಿದ. ಸುತ್ತ ಕಲ್ಲಿಟ್ಟ. ಹಿಂದೆ ಮುಂದೆ ಸೊಪ್ಪಿನ ಕೊಂಬೆ ಹಾಕಿದ. ಕೈ ಕಟ್ಟಿ ನಿಂತ.

"ತುಳ್ಕೊಂಡ್ ಹೋಗಪ್ಪಾ! ತುಳೀಲಿ ಅಂತ್ಲೇ ಹಾಕಿರೋದು!" ಅಂದಳು ದೇವೀರಮ್ಮ.

ಮಾಯಿಗ ತುಟಿಗೆ ಬೆರಳಿಟ್ಟ.

"ಅಣ್ಣಾ, ಮುಹೂರ್ತ ಮೀರೋಯ್ತದೆ!" ಅಂತ ಮದುವಣಗಿತ್ತಿ ಅತ್ತಳು.

ಮಾಯಿಗ ತುಟಿಗೆ ಬೆರಳಿಟ್ಟ.

ಹಿಂದೆ ಬಸ್ಸು ನಿಂತಿತು. ಬಸ್ಸಿನ ಹಿಂದೆ ಲಾರಿ, ಲಾರಿ ಹಿಂದೆ ಕಬ್ಬಿನ ಟ್ರಾಕ್ಟರು. ಮದುವಣಗಿತ್ತಿ ಸೆರಗು ಸಿಕ್ಕಿಸಿ, ಯಾರದೋ ಸ್ಕೂಟರ್ ಹತ್ತಿ ಮದುವೆಗೆ ಹೋದಳು. ಬಸ್ಸಿನ ಜನವೆಲ್ಲ ಇಳಿದು, "ತಪ್ಪು ಈ ಪೆದ್ದಂದೇ!" ಅಂತ ಕಾರನ್ನ ಎತ್ತಿ ಹಳ್ಳಕ್ಕೆ ಇಳಿಸಿದ್ರು. ಒಂದು ಕಣ್ಣು ಒಡೀತು. ಮಾಯಿಗಂದಲ್ಲ, ಕಾರಿಂದು.

ಅಕ್ಕನ ಸಹನೆ ಅಲ್ಲಿಗೆ ಮುಗೀತು. "ಇನ್ನೊಂದ್ ಸಲ ತಪ್ಪು ನಿಂದು ಅಂತ ಜನ ಅಂದ್ರೆ, ಈ ಕಾರ ಮಾರಿ ಎಮ್ಮೆ ಕಟ್ತೀನಿ! ಆ ದೇವ್ರಾಣೆ!"

ಮಾಯಿಗ ಓಡಿಹೋಗಿ ಕಾರಿನ ಒಡೆದ ಕಣ್ಣಿಗೆ ಕೈಯಿಟ್ಟು ಗೊಳೋ ಅಂತ ಅತ್ತ. ನನಗೆ ಕರುಳು ಚುರುಕ್ ಅಂತು. ಅಷ್ಟಕ್ಕೂ ಮೊನ್ನೆಯ ಬುದ್ಧಿಯೂ ನಂದು, ಇವತ್ತಿನ ಬುದ್ಧಿಯೂ ನಂದು. ಅದಕ್ಕೇ ಅವನನ್ನ ಪಕ್ಕಕ್ಕೆ ಕರೆದು, ಯಾರಿಗೂ ಹೇಳದ ದೊಡ್ಡ ಗುಟ್ಟು ಹೇಳಿಬಿಟ್ಟೆ.

"ಅಳ್ಬೇಡ ಕಣ್ಲಾ. ಸೈಕಲ್ಲಿಗೂ ಬೈಕಿಗೂ ಆದ್ರೆ ತಪ್ಪು ಬೈಕಿಂದು. ಬೈಕಿಗೂ ಕಾರಿಗೂ ಆದ್ರೆ ಕಾರಿಂದು. ಕಾರಿಗೂ ಲಾರಿಗೂ ಆದ್ರೆ ಲಾರೀದು. ಜನ ಬೇರೆ ಏನೂ ನೋಡಾಕಿಲ್ಲ, ಗಾತ್ರ ನೋಡ್ತಾರೆ. ದೊಡ್ಡದರದ್ದೇ ತಪ್ಪು! ನೀನು ಯಾವಾಗ್ಲೂ ಸಣ್ಣದರ ಕಡೆ ಸೇರ್ಕೊ!"

"ಆಗ್ಲಿ ಮಾವ."

"ನೀನೂ ಜೊತೆಗೆ ಹೋಗೋ ತಿಮ್ಮೇಶ," ಅಂದಳು ಅಕ್ಕ. ಬೆಳಗ್ಗೆ ನಾನು ಶಲ್ಯ ಹೊದ್ದು, ಮೀಸೆ ತೀಡಿ, ಮುಂದಿನ ಸೀಟಲ್ಲಿ ಕೂತೆ. ನಮ್ಮ ಮನೆ ಹತ್ತಿರ ಇಳಿಜಾರು. ಕಾರು ಮೆಲ್ಲಗೆ ಇಳೀತಿತ್ತು. ಎದುರಿಗೆ ಒಬ್ಬಳು ಅಜ್ಜಿ, ತಲೆ ಮೇಲೆ ಕೋಳಿಮೊಟ್ಟೆ ಬುಟ್ಟಿ ಹೊತ್ತು ರಸ್ತೆಗೆ ಕಾಲಿಟ್ಟಳು.

"ಹುಷಾರು ಕಣ್ಲಾ!" ಅಂದೆ.

ಮಾಯಿಗ ಅಜ್ಜೀನ ನೋಡಿದ. ಕಾರನ್ನ ನೋಡಿದ. "ಮಾವ, ಕಾರು ದೊಡ್ದು."

"ಹೂಂ ಕಣ್ಲಾ."

"ಅಜ್ಜಿ ಸಣ್ದು."

"ಹೂಂ ಕಣ್ಲಾ, ಬ್ರೇಕು ಹಾಕ್ಲಾ!"

ಅವನು ಬಾಗಿಲು ತೆಗೆದ, ಚಂಗನೆ ನೆಗೆದ, ಓಡಿಹೋಗಿ ಅಜ್ಜೀನ ರಸ್ತೆ ಪಕ್ಕಕ್ಕೆ ಎಳ್ಕೊಂಡು ಅವಳ ಜೊತೆ ನಿಂತ. ಸಣ್ಣದರ ಕಡೆ ಸೇರಿಬಿಟ್ಟ! ಕಾರಲ್ಲಿ ಉಳಿದವನು ನಾನೊಬ್ಬ.

ಯಾವುದನ್ನ ತುಳೀಬೇಕು, ಯಾವುದನ್ನ ಎಳೀಬೇಕು, ನನಗೇನು ಗೊತ್ತು? ಗೊತ್ತಿದ್ದ ಒಂದೇ ವಿದ್ಯೆ ಮಾಡಿದೆ. ಬಾಗಿಲು ಬಡಿದು, "ಹೋಲ್ಡಾನ್! ಹೋಲ್ಡಾನ್!" ಅಂತ ಕೂಗಿದೆ. ಬಸ್ಸಾಗಿದ್ರೆ ನಿಲ್ತಿತ್ತು. ಕಾರು ನಿಲ್ಲಲಿಲ್ಲ. ನೆಟ್ಟಗೆ ಹೋಗಿ ರಸ್ತೆ ಪಕ್ಕದ ತಿಪ್ಪೆಗೆ ನುಗ್ಗಿತು. ತೆರೆದ ಕಿಟಕಿಯಿಂದ ಅರ್ಧ ತಿಪ್ಪೆ ನನ್ನ ಮಡಿಲಿಗೆ ಬಂತು.

ಊರು ಸೇರಿತು. ಅಕ್ಕ ಬಾಯಿ ಬಡ್ಕೊಂಡು ಓಡಿಬಂದಳು. "ಯೋಳಿ! ತಪ್ಪು ಯಾರ್ದು? ನನ್ನ ಮಗಂದಾದ್ರೆ ಇವತ್ತೇ ಮಾರ್ತೀನಿ!"

ಮಾಯಿಗ ಓಡಿಬಂದು ಕಾರನ್ನ ತಬ್ಬಿಕೊಂಡ. ನಾನು ಗೊಬ್ಬರದಿಂದ ತಲೆ ಎತ್ತಿ, "ಇವಂದೇ! ಓಡೋ ಕಾರಿಂದ ನೆಗ್ದವ್ನೆ!" ಅಂದೆ.

"ಗಾತ್ರ ನೋಡ್ತಾರೆ, ದೊಡ್ಡದರದ್ದೇ ತಪ್ಪು ಅಂತ ನೀನೇ ಯೋಳಿದ್ದಲ್ಲ ಮಾವ!" ಅಂದ ಮಾಯಿಗ. ಹೆಗಲ ಮೇಲಿನ ಟವಲು ತೆಗೆದು ಕಾರು ಅಳೆದ. ತಿಪ್ಪೆ ಅಳೆದ. ಅವನ ಮುಖ ಅರಳಿತು. "ಅವ್ವಾ! ತಿಪ್ಪೆ ದೊಡ್ದು!"

"ಹೌದಲ್ವಾ!" ಅಂದ್ರು ಜನ. "ತಿಮ್ಮೇಶಣ್ಣನ ನ್ಯಾಯ ಅಂದ್ರೆ ನ್ಯಾಯ. ತಪ್ಪು ತಿಪ್ಪೇದೇ!"

"ಅಂಗಾರೆ ಕಾರು ಮಾರಂಗಿಲ್ಲ," ಅಂತ ಅಕ್ಕ ಕಣ್ಣೊರೆಸಿಕೊಂಡಳು. "ಆ ತಿಪ್ಪೆ ಯಾವನ್ದು? ಅವನ್ನ ಕರೀರಿ, ನಾಕು ಬೈತೀನಿ!"

ಎಲ್ಲರೂ ನನ್ನ ಕಡೆ ತಿರುಗಿದ್ರು. ನಾನು ಬಾಯಲ್ಲಿದ್ದ ಗೊಬ್ಬರ ಉಗಿದೆ. ಎಷ್ಟಾದ್ರೂ ತೀರ್ಪು ಕೊಡೋನು ನಾನೇ ತಾನೇ?

"ತಿಪ್ಪೆ ನಂದು," ಅಂದೆ. "ರಸ್ತೆಗೆ ಒತ್ತಿ ಹಾಕಿದ್ದೂ ನಾನೇ."