ದ್ಯಾಮ ಮರಳುಗಾಡಿನ ಮಾತು ಕಲಿತದ್ದು

ಹೂಂಗುಟ್ಟುವವರು ಹೂಂಗುಟ್ಟಿ, ನಗು ಬಂದವರು ಕಡೆತನಕ ತಡೆದುಕೊಳ್ಳಿ.

ಕೃಷ್ಣಾ ಹೊಳೆಯ ದಂಡೆಗೆ ಒಂದು ಊರು. ಆ ಊರಲ್ಲಿ ತಂಗೆವ್ವ ಅಂತ ಒಬ್ಬಾಕೆ. ಗಂಡ ತೀರಿಕೊಂಡು ಬಹಳ ವರ್ಷ. ಇದ್ದದ್ದು ಒಬ್ಬನೇ ಮಗ, ದ್ಯಾಮ. ಆಳು ಆರಡಿ, ವಯಸ್ಸು ಇಪ್ಪತ್ತಾರು. ಸುಳ್ಳು ಗೊತ್ತಿಲ್ಲ, ಕಳ್ಳತನ ಗೊತ್ತಿಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಫಜೀತಿ.

"ಹಾಲಿನ ಮ್ಯಾಲೆ ಕಣ್ಣಿಡೋ" ಅಂದಳು ಒಂದು ದಿನ ತಂಗೆವ್ವ. ಇಟ್ಟ. ಪಾತ್ರೆಯ ಮೇಲೆ ಬಗ್ಗಿ ಕಣ್ಣನ್ನೇ ಇಟ್ಟ. ಒಲೆಯ ಉರಿಗೆ ಹುಬ್ಬು ಚರಚರ ಸುಟ್ಟವು.

"ಅಯ್ಯೋ ಶಿವನ! ಹುಬ್ಬು ಎಲ್ಲೋ?"

"ಹಾಲಿನಾಗ ಬಿದ್ದಾವ ಅವ್ವಾ. ಆದ್ರ ಹಾಲು ಉಕ್ಕಿಲ್ಲ ನೋಡು."

ತಂಗೆವ್ವ ಹಣೆ ಹಣೆ ಬಡಿದುಕೊಂಡಳು. ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಪಕ್ಕದ ಊರಿನ ಬರಮಪ್ಪನಿಗೆ ಕಮಲಾ ಅಂತ ಮಗಳಿದ್ದಳು. ತಂಗೆವ್ವ ಹೋಗಿ ಕೇಳಿದಳು. ಬರಮಪ್ಪ ಮೀಸೆ ಸವರಿಕೊಂಡು ಅಂದ: "ನಿನ್ನ ಮಗ ಎಲ್ಲೇ ಆಗ್ಲಿ, ಒಂದು ತಿಂಗಳು ಒಂದ ಕೆಲಸದಾಗ ನಿಂತು ತೋರಸ್ಲಿ. ಮಗಳ್ನ ಕೊಡ್ತೀನಿ."

ಒಂದು ತಿಂಗಳು! ದ್ಯಾಮ ಎಲ್ಲೂ ಒಂದು ವಾರ ನಿಂತವನಲ್ಲ.

ಅದೇ ಬೇಸಿಗೆಯಲ್ಲಿ ಊರಿಗೆ ರೊಮೇನಿಯಾ ಅನ್ನುವ ದೂರದ ದೇಶದ ಸಿನಿಮಾದವರು ಬಂದರು. ಅವರಿಗೆ ಮರಳುಗಾಡು ಬೇಕಿತ್ತು. ಹೊಳೆ ಬತ್ತಿ ಎರಡು ಮೈಲಿ ಉಸುಕು ಬಿದ್ದಿತ್ತು. ಅಲ್ಲೇ ದೊಡ್ಡ ಡೇರೆ ಹೊಡೆದರು, ಸೊಲ್ಲಾಪುರದ ಕಡೆಯಿಂದ ಒಂದು ಒಂಟೆ ತರಿಸಿದರು. ಅವರ ಯಜಮಾನಿ ಇಲಿಂಕಾ ಅಂತ, ಕೆಂಪು ಕೂದಲಿನ ಹೆಂಗಸು. ಊರವರು ಆಕೆಗೆ ಇಲಿಂಕಾಬಾಯಿ ಅಂದರು. ಆಕೆಗೆ ಕನ್ನಡ ಬಾರದು, ಊರವರಿಗೆ ಆಕೆಯ ಮಾತು ಬಾರದು. ನಡುವೆ ಇದ್ದವರು ಕಟ್ಟಿ ಮಾಸ್ತರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು.

ತಂಗೆವ್ವ ಮಾಸ್ತರ ಕಾಲಿಗೆ ಬಿದ್ದಳು. ದ್ಯಾಮನಿಗೆ ಕೆಲಸ ಸಿಕ್ಕಿತು. ಮಾಸ್ತರು ಬಾಯಿಯನ್ನು ಇಂಗ್ಲಿಷಿನಲ್ಲಿ ಕೇಳಿ ಒಂದು ಚೀಟಿ ಬರೆದುಕೊಟ್ಟರು. ಎಡಕ್ಕೆ ಇಂಗ್ಲಿಷು, ಬಲಕ್ಕೆ ರೊಮೇನಿಯಾದ ಮಾತು. ಸ್ಯಾಂಡ್ ಅಂದರೆ ನಿಸಿಪ್. ವಿಂಡ್ ಅಂದರೆ ವಂಟ್. ಹೀಗೆ ಮರಳುಗಾಡಿನ ಇಪ್ಪತ್ತು ಮಾತು.

"ಓದಲಿಕ್ಕೆ ಬರ್ತದೇನೋ?"

"ಇಲ್ರೀ ಮಾಸ್ತರ."

"ಹೋಗ್ಲಿ, ಕಿಸೇದಾಗ ಇಟ್ಕೊ. ಬಾಯಿ ಏನ್ ಕೇಳ್ತಾರೋ ಅದನ್ನ ಲಗೂನ ತಂದು ಅವರ ಮುಂದ ನಿಲ್ಲಸು. ಅಷ್ಟ ಸಾಕು."

"ಹೂಂ ರೀ" ಅಂದ ದ್ಯಾಮ.

ಮಧ್ಯಾಹ್ನ ಹನ್ನೆರಡು. ಉಸುಕು ಕಾದು ಹಂಚಾಗಿತ್ತು. ಇಲಿಂಕಾಬಾಯಿಯ ಮುಖ ಕೆಂಪಗೆ ಕುದಿಯಿತು. ದ್ಯಾಮನ ಕಡೆ ಕೈ ಚಾಚಿ ಕೂಗಿದಳು: "ಅಪ! ಅಪ!"

ದ್ಯಾಮನ ಕರುಳು ಚುರ್ ಅಂದಿತು. ಪಾಪ, ದೂರದೇಶದಾಕೆ, ಅಪ್ಪನ್ನ ನೆನಸ್ತಾಳಲ್ಲ! ಆಕೆಯ ಅಪ್ಪನನ್ನು ಎಲ್ಲಿಂದ ತರುವುದು? ಊರಿಗೆಲ್ಲ ಅಪ್ಪನಂಥವನು ಸಂಗಪ್ಪಜ್ಜ. ವಯಸ್ಸು ಎಂಬತ್ತೆಂಟು, ಕಟ್ಟೆಯ ಮೇಲೆ ಮಲಗಿದ್ದ. ದ್ಯಾಮ ಓಡಿದ, ಅಜ್ಜನನ್ನು ಬೆನ್ನಿಗೆ ಹಾಕಿಕೊಂಡ, ಓಡೋಡಿ ಬಂದು ಬಾಯಿಯ ಮುಂದೆ ನಿಲ್ಲಿಸಿದ.

"ತೊಗೋರಿ!"

"ನಾ ಎಲ್ಲದೀನೋ?" ಅಂದ ಸಂಗಪ್ಪಜ್ಜ.

"ಅಪ!" ಅಂತ ಬಾಯಿ ಒಣಗಿದ ಗಂಟಲಲ್ಲಿ ಇನ್ನೊಮ್ಮೆ ಕೂಗಿ ಉಸುಕಿನ ಮೇಲೆ ಕೂತಳು.

ಕಟ್ಟಿ ಮಾಸ್ತರು ಕೊಡೆ ಬಿಸಾಕಿ ಬಂದರು. "ಲೇ ಮಂಕ! ಅಪ ಅಂದ್ರ ನೀರು! ಇಂಗ್ಲಿಷಿನ್ಯಾಗ ವಾಟರ್, ಅವರದರಾಗ ಅಪ. ಅಜ್ಜನ್ನ ಯಾಕ ತಂದ್ಯೋ? ಇನ್ ಮ್ಯಾಲೆ ಅಪ ಅಂತ ಕಿವಿಗೆ ಬಿತ್ತು ಅಂದ್ರ, ಹಿಂದ ಮುಂದ ನೋಡಬ್ಯಾಡ, ಒಂದು ಕೊಡ ನೀರು ತಂದಿಡು!"

"ಹೂಂ ರೀ" ಅಂದ ದ್ಯಾಮ.

ಅವತ್ತು ಸಂಜೆಯೇ ಬರಮಪ್ಪ ಮಗಳ ಜೊತೆ ತಂಗೆವ್ವನ ಮನೆಗೆ ಬಂದ. ಹುಡುಗ ಕೆಲಸಕ್ಕೆ ಹೋದನಂತೆ, ನೋಡೋಣ ಅಂತ. ಕಮಲಾ ಚಾಪೆಯ ತುದಿಗೆ ಕೂತಳು.

"ಅಪ್ಪಾ, ಈ ಮನಿ ಗಾಳಿ ಚಲೋ ಐತಿ" ಅಂದಳು. ದ್ಯಾಮ ಛಂಗನೆ ಎದ್ದು ಹೋಗಿ ಒಂದು ಕೊಡ ನೀರು ತಂದು ಬರಮಪ್ಪನ ಮುಂದಿಟ್ಟ.

"ನೋಡಪ್ಪಾ, ಹುಡುಗ ಎಷ್ಟ ಮರ್ಯಾದಸ್ಥ" ಅಂದಳು. ಇನ್ನೊಂದು ಕೊಡ.

"ಇಷ್ಟ್ಯಾಕ ನೀರು ಅಪ್ಪಾ?" ಅಂದಳು. ಮೂರನೆಯದು.

"ಅಪ್ಪಾ! ಅಪ್ಪಾ! ಇವರಿಗೆ ಏನಾಗೈತಿ ಅಪ್ಪಾ?" ಮನೆಯ ಕೊಡ ಮುಗಿದವು. ದ್ಯಾಮ ನೆರೆಮನೆಗೆ ಓಡಿದ. ಪಡಸಾಲೆ ತುಂಬ ಕೊಡ. ಬರಮಪ್ಪನಿಗೆ ಎದ್ದು ಹೋಗಲು ದಾರಿ ಇಲ್ಲ.

ಕಮಲಾ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ಭುಜ ಮಾತ್ರ ಕುಣಿಯುತ್ತಿತ್ತು. ಬರಮಪ್ಪ ಕೊಡ ದಾಟಿ ದಾಟಿ ಹೊರಗೆ ಹೋದ.

"ನನ್ನ ಹೊಟ್ಟಿ ಉರಸಾಕ ಹುಟ್ಟೀಯೇನೋ!" ಅಂದಳು ತಂಗೆವ್ವ. "ಕಿವಿಗೆ ಬಿದ್ದ ಕೂಡಲೆ ತರಾಕ ಓಡತಾರೇನು? ಇನ್ ಮ್ಯಾಲೆ ಏನ ಕೇಳಿಸ್ಲಿ, ಮೊದ್ಲು ನೀನ ಹೋಗು, ಕಣ್ಣಾರೆ ನೋಡು, ಆಮ್ಯಾಲೆ ಬಂದು ಮಾತಾಡು!"

"ಹೂಂ ಅವ್ವಾ" ಅಂದ ದ್ಯಾಮ.

ಎರಡು ವಾರ ಹೇಗೋ ಕಳೆದವು. ಕೊಡೆ ಹಿಡಿ ಅಂದರೆ ಹಿಡಿದ, ಇಳಿಸು ಅಂದರೆ ಇಳಿಸಿದ. ತಂಗೆವ್ವ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದು ದಿನ ಎಣಿಸಿದಳು.

ಹದಿನೈದನೆಯ ದಿನ. ಉಸುಕಿನ ಆಚೆ ನೀರು ಹೊಳೆದ ಹಾಗೆ ಕಂಡಿತು. ಇಲಿಂಕಾಬಾಯಿ ಖುಷಿಯಿಂದ ಕೈ ತೋರಿಸಿ ಕುಣಿದಳು: "ಮಿರಾಜ್! ಮಿರಾಜ್!"

ಮಿರಜು! ದ್ಯಾಮ ಹೆಸರು ಕೇಳಿದ್ದ. ನೋಡಿರಲಿಲ್ಲ. ಮೊದ್ಲು ನೀನ ಹೋಗು, ಕಣ್ಣಾರೆ ನೋಡು ಅಂದಿದ್ದಾಳೆ ಅವ್ವ. ಕೊಡೆ ಕೆಳಗಿಟ್ಟ. ಬಸ್ಸು ಹಿಡಿದ, ರೈಲು ಹತ್ತಿದ, ಮಿರಜಿಗೆ ಹೋದ. ಮರುದಿನ ಮಧ್ಯಾಹ್ನ ಬಂದು ಬಾಯಿಯ ಮುಂದೆ ಕೈಕಟ್ಟಿ ನಿಂತ.

"ನೋಡಿ ಬಂದೆ ರೀ. ಚಲೋ ಐತಿ. ಸ್ಟೇಷನ್ ಭಾಳ ದೊಡ್ಡದು. ಸಿತಾರ ಮಾಡ್ತಾರ. ಆದ್ರ ಇಲ್ಲಿಂದ ಕಾಣಂಗಿಲ್ಲ ರೀ, ನಿಮಗ ಹೆಂಗ ಕಂಡಿತು?"

ಮಾಸ್ತರು ತಲೆಯ ಮೇಲೆ ಕೈಹೊತ್ತು ಕೂತರು. "ಅದು ಊರಲ್ಲೋ ಹುಚ್ಚಪ್ಪ! ಇಂಗ್ಲಿಷಿನ್ಯಾಗೂ ಮಿರಾಜ್, ಅವರದರಾಗೂ ಮಿರಾಜ್, ನಮ್ಮದರಾಗ ಬಿಸಿಲುಗುದುರಿ! ಇದ್ದಂಗ ಕಾಣ್ತದ, ಇರೂದಿಲ್ಲ. ಉಸುಕಿನ್ಯಾಗ ದೂರದಿಂದ ಏನರ ಅಲ್ಲಾಡಿಕೋತ ಬಂದ್ರ, ಅದು ಇಲ್ಲ ಅಂತ ತಿಳಿ. ಕೆಲಸ ಬಿಟ್ಟು ಅದರ ಹಿಂದ ಹೋಗಬ್ಯಾಡ!"

"ಹೂಂ ರೀ" ಅಂದ ದ್ಯಾಮ. ಬಾಯಿಗೆ ಹೇಳಿಕೇಳಿ ಮಾಸ್ತರು ಕೆಲಸ ಉಳಿಸಿದರು.

ನಾಲ್ಕು ದಿನ ಬಿಟ್ಟು, ಹುಡುಗ ಇನ್ನೂ ಕೆಲಸದಲ್ಲಿ ನಿಂತಿದ್ದಾನೋ ಅಂತ ನೋಡಲು, ಬರಮಪ್ಪ ತನ್ನ ತಮ್ಮನನ್ನೂ ಭಾವನನ್ನೂ ಕರೆದುಕೊಂಡು ಉಸುಕಿನ ಮೇಲೆ ನಡೆದು ಬಂದ. ಬಿಸಿಲಿನ ಝಳದಲ್ಲಿ ಮೂರೂ ರುಮಾಲು ಅಲ್ಲಾಡಿದವು. ದ್ಯಾಮ ನೋಡಿದ. ಇಲ್ಲ ಅಂದುಕೊಂಡ. ಅವರು ಹತ್ತಿರ ಬಂದರು.

"ಏನಪಾ ದ್ಯಾಮಣ್ಣ, ಆರಾಮೇನು?"

ದ್ಯಾಮ ಮುಖ ತಿರುಗಿಸಿದ. ಮಾತೂ ಆಡುತ್ತದಲ್ಲ ಬಿಸಿಲುಗುದುರೆ!

"ಏ, ನಿನ್ನ ಮಾತಾಡ್ಸಾಕತ್ತೀನಿ!"

"ನೀವು ಇಲ್ರೀ" ಅಂದ ದ್ಯಾಮ ಮೆಲ್ಲಗೆ.

"ಏನಂದಿ?"

"ಇದ್ದಂಗ ಕಾಣ್ತೀರಿ. ಆದ್ರ ಇಲ್ರೀ. ಮಾಸ್ತರು ಹೇಳ್ಯಾರ."

ಅಂದವನೇ ಕೊಡೆ ಎತ್ತಿ ಬರಮಪ್ಪ ನಿಂತಲ್ಲಿಗೇ ನೇರ ನಡೆದ. ಇಲ್ಲದವನನ್ನು ಯಾಕೆ ಬಳಸಿ ಹೋಗಬೇಕು? ಬರಮಪ್ಪ ಅಂಗಾತ ಬಿದ್ದ. ರುಮಾಲು ಒಂದು ಕಡೆ, ಚಪ್ಪಲಿ ಒಂದು ಕಡೆ.

"ಮುಗೀತು! ಈ ಮಾತು ಇಲ್ಲಿಗೆ ಮುಗೀತು!" ಅಂತ ಉಸುಕು ಕೊಡವುತ್ತ ಹೋದ.

ಅವತ್ತು ತಂಗೆವ್ವ ಬೈಯಲಿಲ್ಲ. ಒಲೆಯ ಮುಂದೆ ಕೂತು ಅತ್ತಳು. ದ್ಯಾಮನಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು. ಪಕ್ಕದಲ್ಲಿ ಕೂತ.

"ಏನ್ ಮಾಡ್ಲಿ ಹೇಳವ್ವಾ. ಹೇಳಿದ್ದು ಮಾಡ್ತೀನಿ."

ತಂಗೆವ್ವ ಕಣ್ಣೊರೆಸಿಕೊಂಡಳು. "ನಾಳೆ ನಾ ಹೋಗಿ ಅವರ ಕಾಲು ಹಿಡೀತೀನಿ. ನೀ ಒಂದ ನೆನಪಿಡು. ಕಮಲಾ ಅಂತ ಹೆಸರು ಬಂತು ಅಂದ್ರ, ತಲಿ ತಗ್ಗಿಸು, ಕೈ ಮುಗಿ, ನೆಳ್ಳಾಗ ನಿಲ್ಲಸು, ತಿನ್ನಾಕ ಕೊಡು, ಮರ್ಯಾದಿಲೆ ಮನಿಗೆ ಕರ್ಕೊಂಡ ಬಾ. ತಿಳೀತೇನು?"

"ಹೂಂ ಅವ್ವಾ."

ತಂಗೆವ್ವ ಹೋಗಿ ಬೇಡಿಕೊಂಡಳು. ಬರಮಪ್ಪ ಒಲ್ಲೆ ಅಂದ, ಕಮಲಾ ಹೋಗೋಣ ಅಂದಳು. ಮಗಳ ಮಾತಿಗೆ ಸೋತು, ಮರುದಿನ ಊಟಕ್ಕೆ ಬರಲು ಒಪ್ಪಿದ.

ಆ ದಿನ ಹೊಳೆಯಲ್ಲಿ ಒಂಟೆಯ ದೃಶ್ಯ. ಒಂಟೆಯವನು ಚಹಾ ಕುಡಿಯಲು ಹೋಗಿದ್ದ. ಇಲಿಂಕಾಬಾಯಿ ಅವಸರದಿಂದ ಕೂಗಿದಳು: "ಕಮೀಲ! ಕಮೀಲ!"

ದ್ಯಾಮ ಸುತ್ತ ನೋಡಿದ. ಎಲ್ಲರೂ ಒಂಟೆಯ ಕಡೆ ಕೈ ಮಾಡುತ್ತಿದ್ದರು. ಇದರ ಹೆಸರೂ ಕಮಲಾ! ಯಾವ ಕಮಲಾ ಅಂತ ಅವ್ವ ಹೇಳಿಲ್ಲವಲ್ಲ. ತಲೆ ತಗ್ಗಿಸಿದ, ಕೈ ಮುಗಿದ. ನೆರಳಲ್ಲಿ ನಿಲ್ಲಿಸಿ ತನ್ನ ಬುತ್ತಿಯ ಎರಡು ರೊಟ್ಟಿ ತಿನ್ನಿಸಿದ. ಆಮೇಲೆ ಹಗ್ಗ ಹಿಡಿಯದೆ, ಮರ್ಯಾದೆಯಿಂದ, "ಬರ್ರಿ, ಹಿಂಗ ಬರ್ರಿ" ಅಂತ ಇನ್ನೂ ಒಂದು ರೊಟ್ಟಿ ತೋರಿಸುತ್ತ ಮನೆಗೆ ಕರೆದುಕೊಂಡು ನಡೆದ.

ಮನೆಯಲ್ಲಿ ಬರಮಪ್ಪ ಎಲೆಯ ಮುಂದೆ ಕೂತಿದ್ದ. ಕಮಲಾ ಒಳಗೆ ಬಡಿಸುತ್ತಿದ್ದಳು. ಹೊರಗಿಂದ ದ್ಯಾಮ ಕೂಗಿದ: "ಅವ್ವಾ! ಕಮಲಾನ್ನ ಕರ್ಕೊಂಡ ಬಂದೀನಿ!"

"ಕಮಲಾ ಒಳಗದಾಳಲ್ಲೋ! ಹೊರಗ ಯಾರು?"

ಬಾಗಿಲಿನಿಂದ ಉದ್ದನೆಯ ಕುತ್ತಿಗೆ ಒಳಗೆ ಬಂತು. ಬರಮಪ್ಪನ ಎಲೆಯ ಮೇಲಿನ ಹೋಳಿಗೆ ಬಾಯಿಗೆ ಹಾಕಿಕೊಂಡಿತು.

ಬರಮಪ್ಪ ಗೋಡೆಗೆ ಆತುಕೊಂಡ. ತಂಗೆವ್ವ ಕಣ್ಣು ಮುಚ್ಚಿದಳು. ಇಲಿಂಕಾಬಾಯಿ, ಮಾಸ್ತರು, ಒಂಟೆಯವನು ಓಡಿ ಬಂದರು.

"ಕ್ಯಾಮೆಲ್! ಕಮೀಲ ಅಂದ್ರ ಒಂಟಿ! ಒಂಟಿನೋ!" ಅಂತ ಮಾಸ್ತರು ಏದುಸಿರು ಬಿಟ್ಟರು.

"ಗೊತ್ತು ರೀ ಮಾಸ್ತರ, ಒಂಟೀನ ಐತಿ. ಆದ್ರ ಹೆಸರು ಕಮಲಾ ಅಲ್ಲೇನ್ರೀ? ಅವ್ವ ಹೇಳ್ಯಾಳ, ಹೆಸರು ಬಂದ್ರ ಮರ್ಯಾದಿ ಮಾಡು ಅಂತ."

ಆಗ ಕಮಲಾ ನಕ್ಕಳು. ಈ ಸಲ ಸೆರಗು ಅಡ್ಡ ಹಿಡಿಯಲಿಲ್ಲ. ನಕ್ಕು ನಕ್ಕು ಕಣ್ಣೀರು ಬಂತು. ಆಮೇಲೆ ತಂದೆಯ ಕಡೆ ತಿರುಗಿದಳು.

"ಒಂಟಿಗೆ ಇಷ್ಟು ಮರ್ಯಾದಿ ಕೊಟ್ಟಾವ ಹೆಂಡತಿಗೆ ಕೊಡಂಗಿಲ್ಲೇನು? ಹೇಳಿದ್ದು ಕೇಳೋ ಗಂಡು ಊರಾಗ ಇನ್ನ ಯಾರದಾರ? ನನಗ ಇವರ ಆಗಬೇಕು."

ಬರಮಪ್ಪ ಮಗಳನ್ನು ನೋಡಿದ, ಖಾಲಿ ಎಲೆ ನೋಡಿದ. "ಆಗ್ಲಿ ಬಿಡು" ಅಂದ. ಮಾಸ್ತರು ವಿಷಯ ತಿಳಿಸಿದಾಗ ಇಲಿಂಕಾಬಾಯಿಗೂ ಸಂತೋಷ. ತಿಂಗಳ ಕೊನೆಗೆ ಚಿತ್ರೀಕರಣ ಮುಗಿಯುತ್ತದೆ, ಲಗ್ನ ನಮ್ಮ ದೊಡ್ಡ ಡೇರೆಯಲ್ಲೇ ಆಗಲಿ ಅಂದಳು. ಹಿರಿಯರಿಗೆ ಇದನ್ನು ಮಾಸ್ತರು ಕನ್ನಡದಲ್ಲಿ ಹೇಳಿದರು. ದ್ಯಾಮ ಆಗ ಹೊರಗೆ ಒಂಟೆಯನ್ನು ಬೀಳ್ಕೊಡುತ್ತಿದ್ದ. ಬಾಯಿ ಹೊರಗೆ ಬಂದು ಅವನ ಭುಜ ತಟ್ಟಿ ತನ್ನ ಮಾತಿನಲ್ಲೇ ಹೇಳಿದಳು: "ಕೊರ್ಟ್! ಕೊರ್ಟ್!" ಟೆಂಟಿಗೆ ಅವರ ಮಾತು ಕೊರ್ಟ್.

ಹಿಂದೆಯೇ ಬಂದ ಕಮಲಾ ಮೆಲ್ಲಗೆ ಅಂದಳು: "ಲಗ್ನದ ದಿವಸ ಯಾರ ಮಾತೂ ಕೇಳಬ್ಯಾಡ್ರಿ. ಬಾಯಿ ಹೇಳಿದ ಜಾಗಕ್ಕ ಎಲ್ಲರಕಿಂತ ಮೊದ್ಲ ಹೋಗಿ ಕುಂದರ್ರಿ. ಕರೆದ್ರ ಎದ್ದು ನಿಲ್ರಿ. ಹಿರೇರು ಕೇಳಿದ್ದಕ್ಕ ಉತ್ತರ ಕೊಡ್ರಿ. ಅಷ್ಟ ಸಾಕು."

"ಹೂಂ" ಅಂದ ದ್ಯಾಮ.

ತಿಂಗಳು ತುಂಬಿತು. ಲಗ್ನದ ದಿನ ಬಂತು. ಹೊಳೆಯ ಡೇರೆಗೆ ಮಾವಿನ ತೋರಣ ಕಟ್ಟಿದರು, ವಾಲಗದವರು ಬಂದರು. ಕಮಲಾ ಹಸಿರು ಸೀರೆ ಉಟ್ಟು ಮಾಲೆ ಹಿಡಿದು ಕೂತಳು. ಮದುಮಗ ಎಲ್ಲಿ?

ಮದುಮಗ ಬಾಸಿಂಗ ಕಟ್ಟಿಕೊಂಡು, ಮೈತುಂಬ ಅರಿಶಿನ ಹಚ್ಚಿಕೊಂಡು, ಮೊದಲನೇ ಬಸ್ಸಿಗೆ ತಾಲೂಕಿನ ಕೋರ್ಟಿಗೆ ಹೋಗಿ ಮೊದಲನೇ ಬೆಂಚಿನ ಮೇಲೆ ಕೂತಿದ್ದ. ಬಾಯಿ ಹೇಳಿದ ಜಾಗ! ಎಲ್ಲರಿಗಿಂತ ಮೊದಲು!

ಕಾಗದ ನೋಡುತ್ತಿದ್ದ ಜಡ್ಜ್ ಸಾಹೇಬರು ಕೇಳಿದರು: "ಯಾರಪ್ಪ ಅದು ಮುಂದೆ ಕೂತವನು?"

ದ್ಯಾಮ ಎದ್ದು ನಿಂತ. "ದ್ಯಾಮ ರೀ."

"ಏನು ವಿಷಯ?"

"ಲಗ್ನದ್ದು ರೀ."

"ಆ ಕಡೆಯವರು ಯಾರು?"

"ಕಮಲಾ ರೀ."

"ಬಂದಿದ್ದಾಳಾ?"

"ಇಲ್ರೀ, ಇನ್ನೂ ಬಂದಿಲ್ಲ."

"ಹಿರಿಯರು, ಸಾಕ್ಷಿ?"

"ಯಾರೂ ಬಂದಿಲ್ರೀ."

ಸಾಹೇಬರು ತಲೆ ಎತ್ತದೆ ಅಂದರು: "ಮುಂದಿನ ತಿಂಗಳು ಹದಿನಾಲ್ಕು. ಇಬ್ಬರೂ ಹಾಜರಿರಬೇಕು. ಹೋಗು."

ದ್ಯಾಮ ಕೈ ಮುಗಿದು ಬಸ್ಸು ಹಿಡಿದ. ಡೇರೆಗೆ ಬರುವಾಗ ಮುಹೂರ್ತಕ್ಕೆ ಐದೇ ನಿಮಿಷ. ತಂಗೆವ್ವ ಓಡಿ ಬಂದಳು, ಬರಮಪ್ಪ ಓಡಿ ಬಂದ.

"ಎಲ್ಲಿ ಹೋಗಿದ್ಯೋ?"

"ಯಾಕ ಗಡಿಬಿಡಿ ಮಾಡ್ತೀರಿ?" ಅಂದ ದ್ಯಾಮ. "ಲಗ್ನ ಮುಂದಕ್ಕ ಹೋತು. ಹದಿನಾಲ್ಕಕ್ಕ ತಾರೀಖು ಕೊಟ್ಟಾರ."

ಕಮಲಾ ಎದ್ದು ಬಂದಳು, ಅವನ ಕೊರಳಿಗೆ ಮಾಲೆ ಹಾಕಿದಳು. ವಾಲಗ ಊದಿತು. ಜನ ಅಕ್ಕಿಕಾಳು ಎರಚಿದರು. ಲಗ್ನ ಆಗಿಹೋಯಿತು. ಇಬ್ಬರೂ ಸುಖವಾಗಿ ಸಂಸಾರ ಹೂಡಿದರು.

ಮುಂದಿನ ತಿಂಗಳು ಹದಿನಾಲ್ಕನೇ ತಾರೀಖು. ದ್ಯಾಮ ಬೆಳಿಗ್ಗೆ ಎದ್ದ. ಸ್ನಾನ ಮಾಡಿದ. ಅರಿಶಿನ ಹಚ್ಚಿಕೊಂಡ. ಬಾಸಿಂಗ ಕಟ್ಟಿಕೊಂಡ. ಹೆಂಡತಿಯ ಹತ್ತಿರ ಹೋಗಿ ಮೆಲ್ಲಗೆ ಎಬ್ಬಿಸಿದ.

"ಏಳು ಕಮಲಾ, ಹೊತ್ತಾತು. ಇವತ್ತ ನಮ್ಮ ಲಗ್ನ ಐತಿ."