ಮಿಂಚುಳ್ಳಿ ಬೇಡವೆಂದ ನೀಲಿ

ಮೊದಲೇ ಕೈಮುಗಿದು ಹೇಳಿಬಿಡುತ್ತೇನೆ ಮಕ್ಕಳೇ, ನನಗೆ ಕತೆ ಹೇಳಿ ರೂಢಿಯಿಲ್ಲ. ಇದನ್ನು ಸರಿಯಾಗಿ ಹೇಳುವವರು ಎಲ್ಲೂ ತಡವರಿಸುವುದಿಲ್ಲ. ನಾನು ನಡುನಡುವೆ ನಿಂತು ಬಿಡಿಸಿ ಹೇಳುತ್ತೇನೆ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಗ ಲೋಕ ಇನ್ನೂ ಹಸಿಯಾಗಿತ್ತು. ಹಸಿ ಎಂದರೆ, ಆಗತಾನೇ ಸಾರಿಸಿದ ಅಂಗಳ ಇರುತ್ತದಲ್ಲ, ಹಾಗೆ. ಎತ್ತ ಹರಿಯಬೇಕೆಂದು ಹೊಳೆ ಇನ್ನೂ ಯೋಚಿಸುತ್ತಿತ್ತು. ಹಕ್ಕಿಗಳೆಲ್ಲ ಬಿಳಿ. ಕಾಗೆ ಬಿಳಿ, ಗಿಳಿ ಬಿಳಿ, ಹದ್ದೂ ಬಿಳಿ.

ಭರಮವ್ವ ಎಂಬ ಹೆಂಗಸು ಕೆರೆಯಿಂದ ಕೆರೆಗೆ, ಗುಡ್ಡದಿಂದ ಗುಡ್ಡಕ್ಕೆ ಅಲೆಯುತ್ತ ಹಕ್ಕಿಗಳ ಚಿತ್ರ ಬರೆಯುತ್ತಿದ್ದಳು. ಅವಳ ಹೆಗಲ ಚೀಲದಲ್ಲಿ ಇದ್ದಿಲು, ಕಾವಿ, ಅರಿಸಿನ, ನೀಲಿ ಇದ್ದವು. ಅವಳು ಬಂಡೆಯ ಮೇಲೆ ಬರೆದದ್ದೆಲ್ಲ ಎದುರಿಗಿದ್ದ ಹಕ್ಕಿಯ ಮೈಮೇಲೆ ಮೂಡುತ್ತಿತ್ತು. ಮೊದಲು ಇದ್ದಿಲು, ಆಮೇಲೆ ಬಣ್ಣ. ಇದ್ದಿಲು ಮೊದಲು ಯಾಕೆಂದರೆ, ಅದಿಲ್ಲದಿದ್ದರೆ ರೆಕ್ಕೆ ಎಲ್ಲಿ ಮುಗಿಯಿತು, ಹೊಟ್ಟೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಅದು ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಗಿಳಿಯ ಮೇಲೆ ನಿಮಗೆ ಇದ್ದಿಲು ಕಾಣುವುದಿಲ್ಲ.

ಕಣ್ಣೆದುರು ಕಂಡಷ್ಟೇ ಬರೆಯಬೇಕು, ನೆನಪಿನಿಂದ ಒಂದು ಗರಿಯನ್ನೂ ಬರೆಯಬಾರದು. ಇದು ಅವಳ ಹಟ. ಹಾಗಾಗಿ ಹಕ್ಕಿ ಅಲುಗದೆ ಕೂರಬೇಕಿತ್ತು.

ಒಂದು ದಿನ ಅವಳು ಹೊಳೆಯ ದಂಡೆಗೆ ಬಂದಳು. ಗಾಳಿ ಅವಳ ಸೆರಗು ಎಳೆಯಿತು.

"ಲಗೂ ಮುಗಸು ಭರಮವ್ವಾ, ಮೋಡ ಕಟ್ಟಾಕತ್ತೈತಿ. ಅಲ್ಲಿ ನವಿಲು ಇನ್ನೂ ಬೆಳ್ಳಗ ಕುಂತೈತಿ. ಕುಣಿ ಅಂದ್ರ ನಾಚತೈತಿ."

"ತಡಿಯಪ್ಪಾ, ನನಗ ಇರೂದು ಎರಡ ಕೈ," ಎಂದಳು ಭರಮವ್ವ. ಮಳೆ ಬಂದರೆ ಇದ್ದಿಲು ಬಂಡೆಗೆ ಹತ್ತುವುದಿಲ್ಲ, ಆ ಚಿಂತೆ ಅವಳದು.

ಅಷ್ಟರಲ್ಲಿ ಒಂದು ತಾಯಿ ಮಿಂಚುಳ್ಳಿ ಹಾರಿ ಬಂತು.

"ನನ್ನ ಬರೀ ಯವ್ವಾ. ಲಗೂ ಬರೀ."

"ಕುಂದ್ರು ಮತ್ತ."

ಮಿಂಚುಳ್ಳಿ ಎದುರಿನ ಬಂಡೆಯ ಮೇಲೆ ಕೂತಿತು. ಎದ್ದಿತು. ದಂಡೆಯ ಮಣ್ಣಿನಲ್ಲಿದ್ದ ತನ್ನ ಬಿಲದ ಕಡೆ ಹಾರಿತು, ತಿರುಗಿ ಬಂತು. ಮತ್ತೆ ಕೂತಿತು, ಮತ್ತೆ ಎದ್ದಿತು.

"ಯಾಕವಾ, ಬಂಡಿ ಸುಡತೈತೇನು?"

"ಬಂಡಿ ಅಲ್ಲ ಯವ್ವಾ, ಹೊಟ್ಟಿ ಸುಡತೈತಿ. ನಿನ್ನೆ ಹದ್ದು ಬಂದಿತ್ತು. ಅದೂ ಬಿಳಿ, ನಾನೂ ಬಿಳಿ. ಅವ್ವ ಬಂದ್ಳು ಅಂತ ನನ್ನ ಮಕ್ಕಳು ಅದರ ಮುಂದ ಬಾಯಿ ತಗದು ನಿಂತಿದ್ವು. ನಾ ಬಂದು ಕಿರಚಿದ್ದಕ್ಕ ಉಳದ್ವು. ನಾ ಯಾರು ಅಂತ ಅವಕ್ಕ ಗುರ್ತು ಹತ್ತಬೇಕು."

ಹದ್ದಿಗೆ ಬಣ್ಣವೇ ಬೇಡವಾಗಿತ್ತು. ಬಿಳಿಯಾಗಿದ್ದರೆ ಯಾರ ಗೂಡಿಗೂ ಅವ್ವನ ಹಾಗೆ ಹೋಗಬಹುದಲ್ಲ!

"ಹಂಗಾರ ಗಪ್ಪನ ಕುಂದ್ರು," ಎಂದಳು ಭರಮವ್ವ.

"ಇಲ್ಲಿ ಕುಂತ್ರ ಬಿಲ ಕಾಣೂದಿಲ್ಲ!"

ಮಿಂಚುಳ್ಳಿ ಮತ್ತೆ ಮೇಲಕ್ಕೆ ಹಾರಿತು. ಭರಮವ್ವನಿಗೆ ಸಿಟ್ಟು ಬಂತು. ಬಯ್ಯಬೇಕೆಂದು ತಲೆ ಎತ್ತಿದಳು. ಹೊಳೆಯ ಮೇಲೆ ಮಿಂಚುಳ್ಳಿ ಒಂದೇ ಕಡೆ ನಿಂತು ಬಿಲವನ್ನು ನೋಡುತ್ತಿತ್ತು. ರೆಕ್ಕೆ ಪಟಪಟ ಬಡಿಯುತ್ತಿತ್ತು, ಬಾಲ ನಡುಗುತ್ತಿತ್ತು, ತಲೆ ಮಾತ್ರ ಮೊಳೆ ಹೊಡೆದಂತೆ ಅಲುಗುತ್ತಿರಲಿಲ್ಲ.

"ಅಯ್ಯ, ಇದು ಕುಂತೈತಲ್ಲ! ಗಾಳ್ಯಾಗ ಕುಂತೈತಿ!"

ಅವಳು ಇದ್ದಿಲು ಹಿಡಿದಳು. ಉದ್ದ ಕೊಕ್ಕು ಬರೆದಳು, ಕೆದರಿದ ಜುಟ್ಟು ಬರೆದಳು, ಕಣ್ಣಿಗೊಂದು ಕಪ್ಪು ಪಟ್ಟೆ ಎಳೆದಳು. ರೆಕ್ಕೆ ನಿಲ್ಲದ್ದರಿಂದ ಅಲ್ಲಿ ಬರೀ ಚುಕ್ಕೆ, ಗೀಟು. ಕೊನೆಗೆ ಎದೆಯ ಮೇಲೊಂದು ಪಟ್ಟಿ. ಆ ಹೆಗಲಿನಿಂದ ಅರ್ಧ, ಈ ಹೆಗಲಿನಿಂದ ಅರ್ಧ. ಇನ್ನೇನು ನಡುವೆ ಕೂಡಿಸಬೇಕು,

"ಹದ್ದು!" ಎಂದು ಹೊಳೆ ಕೂಗಿತು.

ಮಿಂಚುಳ್ಳಿ ಬಾಣದಂತೆ ಹೋಯಿತು. ಪಟ್ಟಿ ನಡುವೆ ಹರಿದೇ ಉಳಿಯಿತು.

ಬಿಲದ ಬಾಯಲ್ಲಿ ಮರಿಗಳು ನಿಂತಿದ್ದವು. ಒಂದು ಕಡೆ ಬೆಳ್ಳನೆಯ ಹಕ್ಕಿ, ಅವು ದಿನಾ ಕಂಡ ಬಣ್ಣದ್ದು. ಇನ್ನೊಂದು ಕಡೆ ಮೈತುಂಬ ಮಸಿ ಬಳಿದುಕೊಂಡ ಯಾವುದೋ ಪ್ರಾಣಿ. ಮರಿಗಳು ಮಸಿಯದ್ದನ್ನು ಕಂಡು ಬೆದರಿ ಹದ್ದಿನ ಕಡೆ ಸರಿದವು.

ಭರಮವ್ವನ ಕೈಯಲ್ಲಿ ಇದ್ದಿಲು ಪುಡಿಯಾಯಿತು. ಗುರುತು ಕೊಡಲು ಹೋಗಿ ಇದ್ದ ಗುರುತನ್ನೂ ಅಳಿಸಿಬಿಟ್ಟೆನಲ್ಲ!

ತಾಯಿ ಕೂಗಿತು. ಕೂಗು ಹೊಳೆಯ ಸದ್ದಿನಲ್ಲಿ ಮುಳುಗಿತು. ಏನು ಮಾಡಬೇಕೆಂದು ತಿಳಿಯದೆ ಅದು ಬಿಲದ ಮುಂದೆ ಗಾಳಿಯಲ್ಲೇ ನಿಂತು ಚಡಪಡಿಸಿತು. ಪಟಪಟ, ಪಟಪಟ.

ಹಿರಿಯ ಮರಿ ಕತ್ತು ಓರೆ ಮಾಡಿ ನೋಡಿತು.

"ಏ, ಇದು ನಮ್ಮವ್ವನ! ಹಿಂಗ ಚಡಪಡಸೋರು ಬ್ಯಾರೆ ಯಾರದಾರ?"

ಮರಿಗಳು ದಡದಡ ಬಿಲದೊಳಗೆ ಓಡಿದವು. ಹದ್ದಿನ ಉಗುರಿಗೆ ಮಣ್ಣಷ್ಟೇ ಸಿಕ್ಕಿತು. "ನೀ ಬರಸ್ಕೊಳ್ಳದಿದ್ರ ನಾ ಬಳೀತೀನಿ ತಗೋ!" ಎಂದು ಹೊಳೆ ಕಂದು ರಾಡಿ ಎತ್ತಿ ಅದರ ಮೈಮೇಲೆ ಎರಚಿತು. ಹದ್ದು ಕಂದಾದದ್ದು ಹೀಗೆ.

ಭರಮವ್ವ ನೀಲಿ ಅರೆದಳು. "ಬಾರವಾ, ಮುಗಸ್ತೀನಿ. ಮುಗಿಲಿನಂಥಾ ನೀಲಿ ನಿನಗಂತ ಇಟ್ಟೀನಿ."

ಮಿಂಚುಳ್ಳಿ ಆ ನೀಲಿಯನ್ನು ಬಹಳ ಹೊತ್ತು ನೋಡಿತು. ಅದಕ್ಕೆ ಆಸೆ ಇರಲಿಲ್ಲವೆಂದಲ್ಲ.

"ಬ್ಯಾಡ ಯವ್ವಾ. ಈಗರ ಗುರ್ತು ಹಿಡದಾವ. ನೀಲಿ ಆದ್ರ ಮತ್ತ ಅಂಜತಾವ."

"ಅರ್ಧಕ್ಕ ನಿಂತೈತಿ ಬೇ ಚಿತ್ರ!"

"ಇರಲಿ ಬಿಡು. ನನ್ನ ಮಕ್ಕಳಿಗೆ ಪೂರ್ತಿ ಕಂಡೀನಿ."

ಅರೆದ ನೀಲಿಯೆಲ್ಲ ಜೊಂಡಿನ ಮೇಲೆ ಗಪ್ಪನೆ ಕೂತಿದ್ದ ಬೇರೊಂದು ಜಾತಿಯ ಪುಟ್ಟ ಮಿಂಚುಳ್ಳಿಗೆ ಹೋಯಿತು. ಭರಮವ್ವ ಚೀಲ ಹೆಗಲಿಗೇರಿಸಿ ನವಿಲಿನ ಕಡೆ ಓಡಿದಳು.

ಅದಕ್ಕೇ ಇವತ್ತಿಗೂ ಕೆರೆಯ ಮೇಲೆ ಒಂದು ಕಪ್ಪು ಬಿಳಿ ಹಕ್ಕಿ ಗಾಳಿಯಲ್ಲೇ ನಿಂತು ಪಟಪಟ ರೆಕ್ಕೆ ಬಡಿಯುವುದು ನಿಮಗೆ ಕಾಣುತ್ತದೆ. ಹೆಣ್ಣಾದರೆ ಎದೆಯ ಪಟ್ಟಿ ನಡುವೆ ಹರಿದಿರುತ್ತದೆ, ನೋಡಿ. ಗಂಡಿಗೆ ಮಾತ್ರ ಎರಡು ಪಟ್ಟಿ, ಅವೂ ಇಡಿಯಾಗಿ. ಅದು ಯಾಕೆಂದರೆ, ಇಷ್ಟೆಲ್ಲ ನಡೆಯುವಾಗ ಅಪ್ಪ ಮಿಂಚುಳ್ಳಿ ಎಲ್ಲಿತ್ತು ಅಂದರೆ, ಅದು ಮೀನು ಹಿಡಿಯಲು ಹೋಗಿ... ಬಂದೆ ಅಕ್ಕಾ, ಬಂದೆ! ಕರೆಯುತ್ತಿದ್ದಾರೆ ಮಕ್ಕಳೇ, ಹೋಗಬೇಕು. ಅದು ಮೀನು ಹಿಡಿಯಲು ಹೋಗಿ, ಭರಮವ್ವ ಎದುರು ಸಿಕ್ಕಾಗ ಅಲುಗದೆ ನಿಂತು ಎರಡು ಪಟ್ಟಿ ಪೂರ್ತಿ ಬರೆಸಿಕೊಂಡಿತಂತೆ!