ಮನೆಗೊಂದು ಹಲ್ಲು

“ಗುರುಗಳೇ, ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಟ್ಟರೆ ನ್ಯಾಯ ಆದಂತೆ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ದಣಿದಿದ್ದರು. ಆದರೂ ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಆಲೆಮನೆ ಇತ್ತು. ಊರವರ ಕಬ್ಬೆಲ್ಲ ಅಲ್ಲಿ ಬೆಲ್ಲವಾಗುತ್ತಿತ್ತು. ಪಾಕದ ಹದ ನೋಡಲು ಒಬ್ಬ ಕೂಲಿಯವನಿದ್ದ. ಕೊಪ್ಪರಿಗೆಯಿಂದ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ಕಚ್ಚಿ ನೋಡುವುದು ಆ ಊರಿನ ರೂಢಿ. ಹಲ್ಲಿಗೆ ಅಂಟಿದರೆ ಇನ್ನೂ ಕುದಿಯಬೇಕು, ಅಂಟದಿದ್ದರೆ ಇಳಿಸಬಹುದು. ಸುಗ್ಗಿಯುದ್ದಕ್ಕೂ ಅವನು ಹಗಲೆಲ್ಲ ಕಚ್ಚುತ್ತಿದ್ದ. ಅವನ ಹಲ್ಲುಗಳಿಗೆ ಹುಳುಕು ಹಿಡಿಯಿತು. ಮನೆಯಲ್ಲಿ ಒಲೆ ಹೊತ್ತದ ದಿನ ಮಗಳಿಗೂ ಬೆಲ್ಲವೇ ಊಟ. ಅವಳ ಹಲ್ಲಿಗೂ ಹುಳುಕು ಬಂತು.

ವರ್ಷಕ್ಕೊಮ್ಮೆ ಆ ಊರಿಗೆ ಹಲ್ಲಿನ ಪಂಡಿತನೊಬ್ಬ ಬರುತ್ತಿದ್ದ. ಒಳ್ಳೆಯವನು, ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ದಿನ ಮಾತ್ರ ಇರುತ್ತಿದ್ದ. ಯಾರಿಗೂ ಹೆಚ್ಚು ಕಡಿಮೆ ಆಗಬಾರದೆಂದು ಊರವರು ಕೂತು ಒಂದು ಕಟ್ಟಳೆ ಮಾಡಿಕೊಂಡಿದ್ದರು: ಮನೆಗೊಂದು ಹಲ್ಲು. ನೋವಿಲ್ಲದ ಮನೆಯವರೂ ಸರದಿ ಬಿಡುತ್ತಿರಲಿಲ್ಲ. ಯಾರಾದರೊಬ್ಬರು ಹೋಗಿ ಹಲ್ಲು ಉಜ್ಜಿಸಿಕೊಂಡು ಬರುತ್ತಿದ್ದರು.

ಒಂದು ವರ್ಷ ಪಂಡಿತ ಬಂದಾಗ ಕೂಲಿಯವನ ದವಡೆ ಬಾತಿತ್ತು. ಮಗಳ ಕೆನ್ನೆಯೂ ಬಾತಿತ್ತು.

“ಎರಡು ಕೀಳಬೇಕು ಸ್ವಾಮಿ. ಇವಳದೊಂದು, ನನ್ನದೊಂದು,” ಎಂದ.

ಹಿಂದೆ ನಿಂತಿದ್ದ ರೈತನೊಬ್ಬ ನಕ್ಕ. “ಏನಯ್ಯಾ, ಬೆಲ್ಲ ತಿಂದವನು ನೀನು. ಈಗ ನಮ್ಮ ಸರದೀನೂ ತಿಂತೀಯಾ?”

“ನಿಮ್ಮ ಬೆಲ್ಲ ಹದವಾಗಿ ಬರಲಿ ಅಂತ ಕಚ್ಚಿದ್ದು ಅಣ್ಣಾ.”

“ಕೂಲಿ ಕೊಟ್ಟಿಲ್ಲವಾ ಅದಕ್ಕೆ?”

ಪಂಡಿತ ಕೈ ತೊಳೆದುಕೊಳ್ಳುತ್ತ ಹೇಳಿದ: “ನಿನಗೆ ಎರಡು ಕಿತ್ತರೆ ಉಳಿದವರಿಗೆ ನಾನೇನು ಹೇಳಲಿ? ಯಾರದು ಅಂತ ನೀನೇ ಹೇಳಿಬಿಡಪ್ಪಾ.”

ಕೂಲಿಯವನು ಮಗಳನ್ನು ಮುಂದೆ ಕೂರಿಸಿದ.

ಅವಳು ಎದ್ದ ಮೇಲೆ ರೈತ ಕೂತು, ನೆಟ್ಟಗಿದ್ದ ಹಲ್ಲನ್ನು ಉಜ್ಜಿಸಿಕೊಂಡ. ಸಂಜೆ ಪಂಡಿತ ಗಾಡಿ ಹತ್ತಿದ. ಕಟ್ಟಳೆ ತಪ್ಪಲಿಲ್ಲವೆಂದು ಎಲ್ಲರಿಗೂ ಸಮಾಧಾನವಾಯಿತು.

ಕೂಲಿಯವನು ದವಡೆಗೆ ಬಟ್ಟೆ ಕಟ್ಟಿಕೊಂಡು ಮತ್ತೆ ಕೊಪ್ಪರಿಗೆಯ ಬಳಿ ಕೂತ. ಕೀವು ಕುತ್ತಿಗೆಗೆ ಇಳಿಯಿತು. ಜ್ವರ ಬಂತು. ಆಮೇಲೆ ಬಾಯಿ ತೆರೆಯಲು ಆಗಲಿಲ್ಲ. ಸುಗ್ಗಿ ಮುಗಿಯುವ ಮೊದಲೇ ಸತ್ತ. ಮಣ್ಣಿಗೆ ಊರವರೆಲ್ಲ ಬಂದರು. ಆ ರೈತನೂ ಬಂದ, ಹೆಗಲೂ ಕೊಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಮೆಲ್ಲಗೆ ಹೇಳಿದ: “ಮಗಳಾದರೂ ಉಳಿದಳಲ್ಲ, ಗುರುಗಳೇ.”

“ಉಳಿದಳು. ಅಪ್ಪನನ್ನು ಮಣ್ಣು ಮಾಡಿದ ಮಾರನೆಯ ದಿನ ಪಾಕ ಕಚ್ಚಿ ನೋಡಲು ಅವಳನ್ನೇ ಕೂರಿಸಿದರು.”